ತೆಗೆದು ಹಾಕುವ ಗೂಡಿನ ಕರ್ನಲ್

ನಾನಿರುವ ಕಡೆ ಒಂದಲ್ಲ ಒಂದು ಎಡವಟ್ಟು ಆಗುತ್ತಲೇ ಇರುತ್ತೆ. ಇದರಲ್ಲಿ ನನ್ನ ತಪ್ಪೇನೂ ಇಲ್ಲ. ಬುದ್ಧಿವಂತ ಇರುವ ಕಡೆ ಕೆಲಸ ನಡೆಯುತ್ತೆ, ಕೆಲಸ ನಡೆಯುವ ಕಡೆ ಎಡವಟ್ಟೂ ನಡೆಯುತ್ತೆ, ಅಷ್ಟೆ. ಆದರೆ ಎರಡು ಸಾವಿರದ ಮೂರನೇ ಇಸವಿಯಲ್ಲಿ ಮೇಟಗಳ್ಳಿಯ ಒಂದು ಸಣ್ಣ ಕಾರ್ಖಾನೆಯಲ್ಲಿ ಕಳೆದ ಆರು ತಿಂಗಳನ್ನು ನೆನೆಸಿಕೊಂಡರೆ ಈಗಲೂ ಮೊದಲು ಅಂಗೈ ಬೆವರುತ್ತೆ, ಆಮೇಲೆ ನಗು ಬರುತ್ತೆ.

ಕೆಲಸ ಏನು ಅಂತ ಮೊದಲು ಹೇಳಿಬಿಡುತ್ತೇನೆ. ಕರೆಂಟಿನ ಲೈನು ಪರೀಕ್ಷೆ ಮಾಡುವವರು ಹೆಗಲಿಗೆ ಹಾಕಿಕೊಂಡು ಹೋಗುವಂಥ ಗಟ್ಟಿ ಕಂಪ್ಯೂಟರನ್ನು ನಮ್ಮ ಕಾರ್ಖಾನೆ ಮಾಡುತ್ತಿತ್ತು. ಅದರ ಪಕ್ಕೆಯಲ್ಲಿ ಒಂದು ಗೂಡು. ಆ ಗೂಡಿನೊಳಗೆ ಕೂರುವ ಸಾಮಾನು ಮೂರು: ಸಿ.ಡಿ. ಡ್ರೈವು, ಎರಡನೇ ಬ್ಯಾಟರಿ, ಅಳತೆ ಪೆಟ್ಟಿಗೆ. ಮೂರೂ ಒಂದೇ ಗಾತ್ರ. ಕಂಪ್ಯೂಟರ್ ಆಫ್ ಮಾಡದೆ ಒಂದನ್ನು ಎಳೆದು ಇನ್ನೊಂದನ್ನು ತಳ್ಳಬಹುದು. ತಳ್ಳಿದ ಕೂಡಲೇ ಒಳಗೆ ಬಂದಿದ್ದು ಯಾರು ಅಂತ ಆಪರೇಟಿಂಗ್ ಸಿಸ್ಟಮ್ಮಿಗೆ ತಾನಾಗಿ ಗೊತ್ತಾಗಬೇಕು. ಆ ಸಿಸ್ಟಮ್ಮಿನ ನಡುಮಧ್ಯದ ತಿರುಳಿಗೆ ಕರ್ನಲ್ ಅನ್ನುತ್ತಾರೆ. ಹಜಾರದಲ್ಲಿ ಕೂತು, ಯಾರು ಹೋದರು ಯಾರು ಬಂದರು ಅಂತ ಕಣ್ಣಿಡುವ ಮನೆ ಹಿರಿಯನ ಹಾಗೆ ಅದು. ಆ ಹಿರಿಯನಿಗೆ ಕಣ್ಣು ಕೊಡುವ ಕೆಲಸ ನನ್ನದು. ಇಡೀ ಕಾರ್ಖಾನೆಯಲ್ಲಿ ಆ ಕೆಲಸ ಬರುತ್ತಿದ್ದದ್ದು ನನಗೊಬ್ಬನಿಗೇ. ಇದನ್ನು ಸೇರಿದ ಮೊದಲ ವಾರದಲ್ಲೇ ಎಲ್ಲರಿಗೂ ಹೇಳಿದ್ದೆ.

ಕಾರ್ಖಾನೆ ಯಜಮಾನರು ಮಾತ್ರ ಸೇರಿಸಿಕೊಳ್ಳುವಾಗಲೇ ಒಂದು ಷರತ್ತು ಹಾಕಿದ್ದರು. ಆರು ತಿಂಗಳು ನೋಡುತ್ತಾರೆ. ಕೊನೆಗೆ ಮಷೀನು ಕೊಳ್ಳುವವರ ಕಡೆಯ ಎಂಜಿನಿಯರು ಬಂದು ಪರೀಕ್ಷೆ ಮಾಡುತ್ತಾರೆ. ಗೂಡು ಪಾಸಾದರೆ ಕೆಲಸ ಕಾಯಂ. ಫೇಲಾದರೆ ನಾನು ಹುಣಸೂರಿನ ಆಚೆ ನಮ್ಮೂರ ಬಸ್ಸು ಹತ್ತಬೇಕು. ಊರಲ್ಲಿ ಚಿಕ್ಕಪ್ಪನ ಮೋಟರ್ ವೈಂಡಿಂಗ್ ಅಂಗಡಿ. ಅಲ್ಲಿ ಎಂಟು ವರ್ಷ ನಾನು ಕೂತಿದ್ದ ಒಂದು ಸ್ಟೂಲು, ಪುಸ್ತಕ ಓದಿ ಕಂಪ್ಯೂಟರ್ ಕಲಿತದ್ದೂ ಅದರ ಮೇಲೇ. ಹೊರಟಾಗ ಚಿಕ್ಕಪ್ಪ ಹೇಳಿದ್ದು ಒಂದೇ ಮಾತು: "ಸ್ಟೂಲು ಯಾರ್ಗೂ ಕೊಡಾಕಿಲ್ಲ ಬುಡು. ಆರ್ ತಿಂಗ್ಳಾದ್ಮೇಲೆ ಬತ್ತೀಯಲ್ಲ."

ಆ ಸ್ಟೂಲು ಆರು ತಿಂಗಳೂ ನನ್ನ ಬೆನ್ನ ಹಿಂದೆಯೇ ಇತ್ತು.

೧. ಕ್ಯಾಂಟೀನಿನ ಕುಕ್ಕರ್

ಮೊದಲು ರೂಮು ಬೇಕಿತ್ತು. ಹಿನಕಲ್‌ನಲ್ಲಿ ಒಂದು ಮನೆಯ ಮಹಡಿ ಮೇಲೆ ಒಂದು ಕೋಣೆ ಖಾಲಿ ಇದೆ ಅಂತ ತಿಳಿದು ಹೋದೆ. ಮನೆ ಯಜಮಾನರಿಗೆ ಅರವತ್ತೈದು ದಾಟಿದೆ. ಹಣೆ ತುಂಬ ವಿಭೂತಿ. ಒಂದು ಕಾಲಕ್ಕೆ ಬೆಲ್ಲದ ಮಂಡಿ ಇಟ್ಟಿದ್ದವರು, ಈಗ ಗೇಟು ಕಾಯುವುದೇ ಕೆಲಸ. ಬಾಗಿಲನ್ನು ಅರ್ಧ ತೆಗೆದು, ಆ ಸಂದಿಯಲ್ಲೇ ನಿಂತು ಮಾತಾಡುವ ಅಭ್ಯಾಸ ಅವರದು. ನನ್ನನ್ನು ಮೇಲಿಂದ ಕೆಳಗೆ ನೋಡಿ, ಒಂಟಿ ಹುಡುಗರಿಗೆ ಕೊಡೋದಿಲ್ಲಪ್ಪ ಅಂದುಬಿಟ್ಟರು.

ನಾನೇನು ಸಾಮಾನ್ಯದವನಾ? ಎದೆ ಮುಂದೆ ಮಾಡಿ ಹೇಳಿದೆ: "ನಾನು ಕರ್ನಲ್ ಕೆಲಸದಲ್ಲಿದ್ದೀನಿ ಯಜಮಾನ್ರೇ. ಮೇಟಗಳ್ಳೀಲಿ."

ಅವರ ಮುಖವೇ ಬದಲಾಯಿತು. ಬಾಗಿಲು ಪೂರ್ತಿ ತೆರೆಯಿತು. ಇಷ್ಟು ಚಿಕ್ಕ ವಯಸ್ಸಿಗೇ ಕರ್ನಲ್ಲಾ ಅಂತ ಕೇಳಿದರು. ಬೇರೆಯವರಿಗೆ ಬರೋದಿಲ್ಲ, ಅದಕ್ಕೇ ನನಗೆ ಕೊಟ್ಟಿದ್ದಾರೆ ಅಂದೆ. ಒಳಗೆ ಕರೆದು ಕೂರಿಸಿದರು, ಮಜ್ಜಿಗೆ ತರಿಸಿದರು, ಬೀಗದ ಕೈ ಎರಡೂ ಕೈಯಲ್ಲಿ ಹಿಡಿದು ಕೊಟ್ಟರು. ಹಳ್ಳಿಯಿಂದ ಬಂದವನ ವಿದ್ಯೆಗೆ ಮೈಸೂರಿನವರು ಇಷ್ಟು ಬೆಲೆ ಕೊಡುತ್ತಾರಲ್ಲ ಅಂತ ನನಗೂ ಖುಷಿಯಾಯಿತು.

ಒಂದು ವಾರವಾದ ಮೇಲೆ ಮೆಟ್ಟಿಲ ಹತ್ತಿರ ಹಿಡಿದು ನಿಲ್ಲಿಸಿದರು. ಸಂಕೋಚದಿಂದ ಕೇಳಿದರು, ನಿಮ್ಮಲ್ಲಿ ಕ್ಯಾಂಟೀನ್ ಇದೆಯಲ್ವಾ ಸಾರ್, ಅಲ್ಲಿ ಕುಕ್ಕರ್ ಇದೆಯಾ ಅಂತ. ಅವರು ಕೇಳಿದ್ದು ಸೈನ್ಯದವರಿಗೆ ಕಮ್ಮಿ ಬೆಲೆಗೆ ಸಾಮಾನು ಕೊಡುವ ಕ್ಯಾಂಟೀನು. ನನಗೆ ಗೊತ್ತಿದ್ದದ್ದು ಮಧ್ಯಾಹ್ನ ನಮಗೆ ಊಟ ಹಾಕುವ ಕ್ಯಾಂಟೀನು.

"ಇದೆ ಯಜಮಾನ್ರೇ. ದಿನಾ ಹನ್ನೆರಡೂವರೆಗೆ ಮೂರು ಸಲ ಕೂಗುತ್ತೆ," ಅಂದೆ.

ಅವರು ನನ್ನನ್ನೇ ನೋಡಿದರು. ನಾನು ಅವರನ್ನೇ ನೋಡಿದೆ. ಆಗ ನನಗೆ ವಿಷಯ ಹೊಳೆಯಿತು. ತಿದ್ದಲು ಹೋಗಲಿಲ್ಲ. ನಾನು ಹೇಳಿದ್ದರಲ್ಲಿ ಒಂದಕ್ಷರ ಸುಳ್ಳಿರಲಿಲ್ಲ, ಮೇಲಾಗಿ ಮಜ್ಜಿಗೆ ಚೆನ್ನಾಗಿತ್ತು.

೨. ನನ್ನ ಕೈ, ಮೇಡಂ ಕೈ

ಕಾರ್ಖಾನೆಯಲ್ಲಿ ಮಷೀನುಗಳನ್ನು ಪರೀಕ್ಷೆ ಮಾಡುವ ಮೇಡಂ ಒಬ್ಬರಿದ್ದರು. ಅಪ್ಪಟ ಮೈಸೂರಿನವರು. ಸ್ಕ್ರೂ ಬಿಗಿ ಮಾಡುವಾಗಲೂ ಅದಕ್ಕೆ ನೋವಾದೀತೇನೋ ಅನ್ನುವ ಹಾಗೆ ತಿರುಗಿಸುತ್ತಿದ್ದರು. ಮೂರನೇ ತಿಂಗಳು ನನ್ನ ಗೂಡು ಅವರ ಮೇಜಿಗೆ ಹೋಯಿತು. ಸಂಜೆಗೆ ವರದಿ ಬಂತು. ಸಿ.ಡಿ. ಡ್ರೈವನ್ನು ಹತ್ತು ಸಲ ಹಾಕಿದ್ದಾರೆ, ಹತ್ತು ಸಲವೂ ಮಷೀನು ಅದನ್ನು ಬ್ಯಾಟರಿ ಅಂದಿದೆ.

ನಾನು ಆ ವರದಿ ಹಿಡಿದುಕೊಂಡೇ ಯಜಮಾನರ ರೂಮಿಗೆ ನುಗ್ಗಿದೆ. ನನ್ನ ಕೈಯಲ್ಲಿ ಅದು ಒಂದು ಸಲವೂ ತಪ್ಪಿರಲಿಲ್ಲ. ಮೇಡಂ ವರದಿಯೇ ತಪ್ಪು ಅಂದೆ. ಯಜಮಾನರು ಎದ್ದು ಮೇಡಂ ಮೇಜಿನ ಹತ್ತಿರ ಬಂದು ಕೈಕಟ್ಟಿ ನಿಂತರು. ಸುತ್ತಲಿನವರೂ ಕೆಲಸ ಬಿಟ್ಟು ಬಂದರು.

ನಾನು ಹಾಕಿದೆ. ಧಡ್ ಅಂತ ಒಂದೇ ಏಟಿಗೆ. 'ಸಿ.ಡಿ. ಡ್ರೈವ್ ಬಂದಿದೆ' ಅಂತ ತೆರೆಯ ಮೇಲೆ ಬಂತು. ಹತ್ತಕ್ಕೆ ಹತ್ತು. ಯಜಮಾನರ ಕಡೆ ತಿರುಗಿ ನೋಡಿದೆ.

ಆಮೇಲೆ ಮೇಡಂ ಹಾಕಿದರು. ಮಗುವಿನ ಕೈಗೆ ಬಳೆ ತೊಡಿಸುವ ಹಾಗೆ, ಒಂಚೂರು, ಇನ್ನೊಂಚೂರು. ಅರ್ಧ ಹೋಗುವಷ್ಟರಲ್ಲೇ ತೆರೆಯ ಮೇಲೆ ಬಂದುಬಿಟ್ಟಿತು: 'ಬ್ಯಾಟರಿ ಬಂದಿದೆ. ಚಾರ್ಜ್ ಇಲ್ಲ.' ಹತ್ತಕ್ಕೆ ಹತ್ತು.

ಕಾರಣ ಆ ಕ್ಷಣಕ್ಕೇ ನನ್ನ ತಲೆಗೆ ಹೊಳೆಯಿತು. ಗೂಡಿನೊಳಗೆ ಗುರುತಿಗೆ ಅಂತ ಮೂರು ಪಿನ್ನುಗಳಿವೆ. ಬ್ಯಾಟರಿ ಒಂದನ್ನು ಮುಟ್ಟುತ್ತೆ, ಅಳತೆ ಪೆಟ್ಟಿಗೆ ಎರಡನ್ನು, ಸಿ.ಡಿ. ಡ್ರೈವು ಮೂರನ್ನೂ. ಪಿನ್ನುಗಳ ಉದ್ದ ಒಂದೇ ಸಮ ಇಲ್ಲ. ನಾನು ಗುದ್ದಿದರೆ ಮೂರೂ ಒಟ್ಟಿಗೆ ತಾಗಿದ ಹಾಗೆ ಕಾಣುತ್ತೆ. ಮೇಡಂ ತಳ್ಳಿದರೆ ಮೊದಲು ಒಂದೇ ತಾಗುತ್ತೆ, ನನ್ನ ಕರ್ನಲ್ಲು ಅಷ್ಟು ನೋಡಿಯೇ ಬ್ಯಾಟರಿ ಅಂತ ತೀರ್ಮಾನ ಕೊಟ್ಟು ಮಲಗಿಬಿಡುತ್ತೆ. ಎಲ್ಲಕ್ಕಿಂತ ಗಿಡ್ಡದು ಇನ್ನೊಂದು ಪಿನ್ನು ಇತ್ತು, ಸಾಮಾನು ಪೂರ್ತಿ ಕೂತ ಮೇಲೇ ಅದು ತಾಗುವುದು. ಅದನ್ನು ನಾನು ನೋಡುತ್ತಲೇ ಇರಲಿಲ್ಲ. ನನ್ನ ವೇಗಕ್ಕೆ ಅದರ ಅಗತ್ಯವೇ ಬಿದ್ದಿರಲಿಲ್ಲ.

ಇದೆಲ್ಲ ಗೊತ್ತಾದ ಮೇಲೂ ಬಾಯಿ ಸುಮ್ಮನಿರಬೇಕಲ್ಲ. "ಮಷೀನ್ ಸರಿ ಇದೆ ಸಾರ್. ಮೇಡಂ ಕೈ ನಿಧಾನ," ಅಂದುಬಿಟ್ಟೆ.

ಯಜಮಾನರು ನನ್ನ ಕೈಯನ್ನೇ ನೋಡಿದರು.

"ಹಾಗಾದ್ರೆ ಒಂದೊಂದು ಮಷೀನ್ ಜೊತೆಗೂ ನಿನ್ನ ಕೈ ಕತ್ತರಿಸಿ ಪ್ಯಾಕ್ ಮಾಡಿ ಕಳಿಸೋಣವೇನಯ್ಯ?"

೩. ಗುಮಾಸ್ತರ ಊಟ

ಕರ್ನಲ್ಲಿಗೆ ಸ್ವಲ್ಪ ತಾಳ್ಮೆ ಕಲಿಸಿದೆ. ಮೊದಲ ಪಿನ್ನು ತಾಗಿದ ಮೇಲೆ ಕಾಲು ಸೆಕೆಂಡು ಕಾಯುವ ಹಾಗೆ ಮಾಡಿದೆ. ಮೇಡಂ ಕೈಯಲ್ಲಿ ಏಳು ಸಲ ಸರಿ ಬಂತು, ಮೂರು ಸಲ ತಪ್ಪಿತು. ಆ ಮೂರಕ್ಕೂ ಒಂದು ದಾರಿ ಕಂಡುಹಿಡಿದೆ. ಅನುಮಾನ ಬಂದರೆ ತೆರೆಯ ಮೇಲೆ ಕನ್ನಡದಲ್ಲಿ ಒಂದು ಸೂಚನೆ ಬರುತ್ತೆ: 'ಗುರುತು ಸಿಗಲಿಲ್ಲ. ತೆಗೆದು ಹಾಕಿ.' ಹೊರಗೆ ತೆಗೆದು ಮತ್ತೆ ಒಳಗೆ ಹಾಕಿ ಅಂತ ಅರ್ಥ. ಕನ್ನಡ ಬರೆಯುವುದರಲ್ಲೂ ನಾನು ಹಿಂದೆ ಬಿದ್ದವನಲ್ಲ.

ಕಂಪ್ಯೂಟರ್ ಗೊತ್ತಿಲ್ಲದವರು ಒಬ್ಬರು ನೋಡಲಿ ಅಂತ ಯಜಮಾನರು ಆಫೀಸಿನ ಗುಮಾಸ್ತರನ್ನು ಕೂರಿಸಿದರು. ಗುಮಾಸ್ತರು ಮೊದಲು ವಕೀಲರೊಬ್ಬರ ಹತ್ತಿರ ಟೈಪಿಂಗ್ ಮಾಡಿಕೊಂಡಿದ್ದವರು. ಹೇಳಿದ್ದನ್ನು ಹೇಳಿದ ಹಾಗೆ ಮಾಡುವವರು, ಅದಕ್ಕಿಂತ ಒಂದು ಗುಲಗಂಜಿ ಹೆಚ್ಚಿಲ್ಲ, ಕಮ್ಮಿ ಇಲ್ಲ. ಸೂಚನೆ ಬಂದ ಹಾಗೆ ಮಾಡಿ ಅಂತ ಹೇಳಿ ನಾವು ಹೊರಟೆವು.

ಹನ್ನೊಂದು ಗಂಟೆಗೆ ಹೋದವರು ಒಂದೂವರೆಗೆ ವಾಪಸ್ಸು ಬಂದೆವು. ಗುಮಾಸ್ತರು ಅಲ್ಲೇ ಕೂತಿದ್ದರು. ಸಿ.ಡಿ. ಡ್ರೈವು ಮೇಜಿನ ಮೇಲೆ ಕರವಸ್ತ್ರದ ಮೇಲಿತ್ತು. ತೆರೆಯ ಮೇಲೆ 'ಗೂಡು ಖಾಲಿ' ಅಂತಿತ್ತು. ಮುಂದೆ ಏನೂ ಮಾಡಲಿಲ್ಲವಾ ಅಂತ ಯಜಮಾನರು ಕೇಳಿದರು.

"ತೆಗೆದುಹಾಕಿ ಅಂತು, ತೆಗೆದುಹಾಕಿದೆ ಸಾರ್. ಆಮೇಲೆ ಅದು ಏನೂ ಹೇಳಲಿಲ್ಲ, ನಾನೂ ಏನೂ ಮಾಡಲಿಲ್ಲ."

ಎರಡು ಪದದ ಮಧ್ಯೆ ಜಾಗ ಬಿಟ್ಟಿದ್ದೀನಿ, ಕಣ್ಣು ಬಿಟ್ಟು ನೋಡಿ ಅಂತ ನಾನು ವಾದಕ್ಕೆ ನಿಂತೆ. ಗುಮಾಸ್ತರು ಕನ್ನಡಕ ಸರಿ ಮಾಡಿಕೊಂಡು, ಜಾಗ ಬಿಟ್ಟರೂ ಬಿಡದಿದ್ದರೂ ಕೆಲಸದಿಂದ ತೆಗೆದುಹಾಕಿಸಿಕೊಂಡವನು ಮತ್ತೆ ಒಳಗೆ ಬಂದಿದ್ದನ್ನು ತಾವು ನೋಡಿಲ್ಲ ಅಂದರು. ಯಜಮಾನರು ನನಗೆ ಸೂಚನೆ ಬದಲಾಯಿಸಲು ಹೇಳಿದರು. ಅಲ್ಲೇ ಕೂತು 'ಹೊರಗೆ ಎಳೆದು, ಮತ್ತೆ ಒಳಗೆ ತಳ್ಳಿ' ಅಂತ ಬರೆದೆ.

ಗುಮಾಸ್ತರು ಓದಿ ತಲೆಯಾಡಿಸಿದರು. "ಹೀಗೆ ಬಿಡಿಸಿ ಹೇಳಿದ್ದಿದ್ರೆ ಹನ್ನೆರಡೂವರೆಗೇ ಊಟಕ್ಕೆ ಹೋಗ್ತಿದ್ದೆ."

೪. ಚಿಕೋರಿ ಎಷ್ಟು

ಪರೀಕ್ಷೆಗೆ ಮೂರು ದಿನ ಇತ್ತು. ಮೇಡಂ ಒಂದೇ ಹಟ ಹಿಡಿದಿದ್ದರು. ಯಾರಾದರೂ ಅರ್ಧ ತಳ್ಳಿ ಅಲ್ಲೇ ನಿಂತರೆ ಕಾಲು ಸೆಕೆಂಡು ಯಾವ ಮೂಲೆಗೂ ಸಾಲದು, ಆ ಗಿಡ್ಡ ಪಿನ್ನನ್ನು ನೋಡು ಅಂತ. ಯಾರು ಮೇಡಂ ಅರ್ಧಕ್ಕೆ ನಿಲ್ತಾರೆ ಅಂತ ಕೇಳಿದೆ.

"ಇದು ಮೈಸೂರು ಕಣಪ್ಪ. ಮಾತು ಬಂದ್ರೆ ಎಲ್ಲಿ ಬೇಕಾದ್ರೂ ನಿಲ್ತಾರೆ," ಅಂದರು.

ನಾನು ನಕ್ಕುಬಿಟ್ಟೆ. ಅವತ್ತು ಸಂಜೆ ಹಿನಕಲ್‌ಗೆ ಹೋದರೆ ಮನೆ ಯಜಮಾನರು ಬಾಗಿಲು ತೆಗೆದರು, ಅರ್ಧ. ನನ್ನ ಒಂದು ಕಾಲು ಹೊಸ್ತಿಲ ಒಳಗೆ, ಒಂದು ಕಾಲು ಹೊರಗೆ. ಅಷ್ಟರಲ್ಲಿ ಅವರಿಗೆ ಏನೋ ನೆನಪಾಗಿ, ಬೆಲ್ಲದ ಅಚ್ಚುಗಳು ಮೊದಲು ಎಷ್ಟು ದೊಡ್ಡವಿದ್ದವು ಅಂತ ಶುರುಮಾಡಿದರು. ಅರ್ಧ ಗಂಟೆ ನಾನು ಒಳಗೂ ಇರಲಿಲ್ಲ, ಹೊರಗೂ ಇರಲಿಲ್ಲ. ನಿಂತಲ್ಲೇ ಮೇಡಂ ಮಾತು ಅರ್ಥವಾಯಿತು.

ಪರೀಕ್ಷೆಯ ಹಿಂದಿನ ದಿನ ಕರ್ನಲ್ ತಿದ್ದಿದೆ. ಗಿಡ್ಡ ಪಿನ್ನು ತಾಗುವ ತನಕ ಏನನ್ನೂ ಹೇಳಬೇಡ, ಬಾಯಿ ಮುಚ್ಚಿಕೊಂಡು ಕಾಯಿ. ಪರೀಕ್ಷೆಗೆ ಇಟ್ಟಿದ್ದ ಮಷೀನಿಗೆ ಅದನ್ನೇ ಹಾಕಿದೆ. ಮೇಡಂಗೆ ಹೇಳಲಿಲ್ಲ. ಹೇಳಿದ್ದರೆ ಅವರು ಗೆದ್ದ ಹಾಗಾಗುತ್ತಿತ್ತು. ಹೇಳದೆ ಇದ್ದದ್ದಕ್ಕೆ ಅದನ್ನು ನನ್ನ ಹೊರತು ಇನ್ನೊಬ್ಬರ ಕೈ ಮುಟ್ಟಿ ನೋಡಿರಲಿಲ್ಲ.

ಮಾರನೇ ದಿನ ಎಂಜಿನಿಯರು ಬಂದರು. ರಿಟೈರ್ ಆಗಲು ಹತ್ತಿರವಿದ್ದ ಮನುಷ್ಯ. ಅವರ ಪಕ್ಕ ಯಜಮಾನರು, ಎದುರಿಗೆ ಮೇಡಂ, ಹಿಂದೆ ನಾನು. ಕಾಫಿ ಬಂತು. ಒಂದು ಗುಟುಕು ಕುಡಿದು ಲೋಟ ಇಟ್ಟು, ಸಿ.ಡಿ. ಡ್ರೈವನ್ನು ಕೈಗೆತ್ತಿಕೊಂಡರು. ಗೂಡಿನ ಬಾಯಿಗೆ ಇಟ್ಟರು. ತಳ್ಳಿದರು. ಅರ್ಧ ಹೋಯಿತು. ಕೈ ಅಲ್ಲೇ ನಿಂತಿತು.

"ಕಾಫಿಗೆ ಚಿಕೋರಿ ಎಷ್ಟು ಹಾಕಿಸ್ತೀರಿ?" ಅಂತ ಯಜಮಾನರನ್ನು ಕೇಳಿದರು.

ಯಜಮಾನರ ಮುಖ ಬಿಳಿಚಿಕೊಂಡಿತು. ಅವರಿಗೆ ಗೊತ್ತಿದ್ದದ್ದು ಹಳೆಯ ಕರ್ನಲ್ಲು. ಇನ್ನೇನು 'ಬ್ಯಾಟರಿ ಬಂದಿದೆ' ಅಂತ ಬೀಳುತ್ತೆ, ಆರ್ಡರು ಹೋಗುತ್ತೆ ಅಂತ ಅವರ ಕಣ್ಣು ತೆರೆಗೆ ಅಂಟಿಕೊಂಡಿತ್ತು. ಕಾಲು ಭಾಗ ಸಾರ್ ಅಂತ ತೊದಲಿದರು. ಎಂಜಿನಿಯರು ಕಾಲು ಜಾಸ್ತಿಯಾಯಿತು ಅಂತ ಶುರುಮಾಡಿ, ಹುರಿಯುವುದು, ಪುಡಿ ಮಾಡುವುದು, ಫಿಲ್ಟರಿಗೆ ಬಿಸಿನೀರು ಎಷ್ಟು ನಿಧಾನ ಹುಯ್ಯಬೇಕು ಅನ್ನುವವರೆಗೆ ಬಂದರು. ಕೈ ಡ್ರೈವಿನ ಮೇಲೆ ಹಾಗೇ ಇತ್ತು. ತೆರೆ ಹಾಗೇ ಇತ್ತು. ನಾನು ಬರೆದದ್ದರಲ್ಲಿ ಎಲ್ಲಾದರೂ ಒಂದು ಸಾಲು ತಪ್ಪಿದ್ದರೆ ಈ ಮಷೀನು ಇನ್ನು ಮಾತೇ ಆಡುವುದಿಲ್ಲ ಅನ್ನುವುದು ಆ ಕೋಣೆಯಲ್ಲಿ ಗೊತ್ತಿದ್ದದ್ದು ನನಗೊಬ್ಬನಿಗೆ. ಸ್ಟೂಲು ಕಣ್ಣಿಗೆ ಕಟ್ಟಿತು. ಅದರ ಒಂದು ಕಾಲು ಗಿಡ್ಡ ಅನ್ನುವುದೂ ನೆನಪಾಯಿತು.

ಮಾತು ಮುಗಿಯಿತು. ಎಂಜಿನಿಯರು ಕೈಯತ್ತ ನೋಡಿಕೊಂಡು, ಉಳಿದರ್ಧವನ್ನು ತಳ್ಳಿದರು.

'ಸಿ.ಡಿ. ಡ್ರೈವ್ ಬಂದಿದೆ.'

ಯಜಮಾನರು ಕುರ್ಚಿಯ ತೋಳು ಬಿಟ್ಟರು. ಎಂಜಿನಿಯರು ತೆರೆಯನ್ನು ಮೆಚ್ಚುಗೆಯಿಂದ ನೋಡಿದರು.

"ನಾನು ಮಾತು ಮುಗಿಸೋ ತನಕ ಕಾಯ್ತಲ್ರೀ ಇದು. ನಮ್ಮನೇಲಿ ಒಬ್ಬರೂ ಕಾಯಲ್ಲ."

೫. ಕೆಂಪು ಗೀಟು

ಪಾಸಾಯಿತಲ್ಲ, ಇನ್ನು ನನ್ನನ್ನು ಹಿಡಿಯುವವರು ಯಾರು ಅಂದುಕೊಂಡೆ. ಎಂಜಿನಿಯರ ಕಾರು ಗೇಟು ದಾಟುತ್ತಿದ್ದ ಹಾಗೆ ಯಜಮಾನರು ತಿರುಗಿ, ಇದನ್ನು ಯಾವಾಗ ಬದಲಾಯಿಸಿದೆ ಅಂತ ಕೇಳಿದರು. ನಿನ್ನೆ ಅಂದೆ. ಮೇಡಂ ನೋಡಿದ್ದರಾ ಅಂತ ಕೇಳಿದರು. ಇಲ್ಲ ಅಂದೆ. ಪರೀಕ್ಷೆ ಆಗದ ಕರ್ನಲ್ಲನ್ನು ಹೊರಗಿನವರ ಮುಂದೆ ಇಟ್ಟೆ ಅಂತಾಯಿತು. ಅವರು ಮೇಡಂ ಹತ್ತಿರ ಹೋಗಿ ಏನೋ ಮಾತಾಡಿದರು. ಒಳಗೆ ಹೋಗಿ ಗುಮಾಸ್ತರನ್ನು ಕರೆದರು. ಬಾಗಿಲು ಸರಿಯಾಗಿ ಮುಚ್ಚಿರಲಿಲ್ಲ.

"ಆ ಕರ್ನಲ್ ಹುಡುಗನ್ನ ಅಲ್ಲಿಂದ ತೆಗೆದು ಹಾಕ್ರಿ. ನಾಳೆಯಿಂದ್ಲೇ."

ಚೀಲ ಎತ್ತಿಕೊಂಡು ಹೊರಟೆ. ಬಸ್ಸಿನಲ್ಲಿ ಗೋಕುಲಂ ಬಂದಿದ್ದೂ ಗೊತ್ತಾಗಲಿಲ್ಲ, ಹೋಗಿದ್ದೂ ಗೊತ್ತಾಗಲಿಲ್ಲ. ಹಿನಕಲ್‌ನಲ್ಲಿ ಮನೆ ಯಜಮಾನರು ನನ್ನ ಮುಖ ನೋಡಿ ಗಾಬರಿಯಾದರು. ರೂಮು ಖಾಲಿ ಮಾಡಬೇಕಾಗಬಹುದು, ಕರ್ನಲ್ ಕೆಲಸದಿಂದ ತೆಗೆದರು ಅಂದೆ. ಅವರು ಅತ್ತ ಇತ್ತ ನೋಡಿ, ದನಿ ತಗ್ಗಿಸಿ, ಗಡಿಯಲ್ಲಿ ಏನಾದರೂ ಹೆಚ್ಚು ಕಮ್ಮಿ ಆಯಿತಾ ಸಾರ್ ಅಂತ ಕೇಳಿದರು.

ಬೆಳಿಗ್ಗೆ ರಾಜೀನಾಮೆ ಬರೆದು ಜೇಬಿಗಿಟ್ಟುಕೊಂಡೇ ಹೋದೆ. ಅವರು ತೆಗೆಯುವ ಮೊದಲು ನಾನೇ ಬಿಟ್ಟೆ ಅನ್ನುವುದು ಊರಲ್ಲಿ ಹೇಳಿಕೊಳ್ಳಲಿಕ್ಕಾದರೂ ಬೇಕಲ್ಲ. ಹಾಜರಿ ಪುಸ್ತಕ ತೆಗೆದರೆ ನನ್ನ ಹೆಸರಿನ ಮೇಲೆ ಸ್ಕೇಲಿಟ್ಟು ಎಳೆದ ಕೆಂಪು ಗೀಟು. ನನ್ನ ಮೇಜಿನ ಹತ್ತಿರ ಕುರ್ಚಿಯೇ ಇಲ್ಲ. ಗುಮಾಸ್ತರನ್ನು ಕೇಳಿದೆ. ಅವರು, ಯಜಮಾನರು ಹೇಳಿದರು, ತೆಗೆದುಹಾಕಿದೆ ಅಂತ ಶಾಂತವಾಗಿ ಹೇಳಿ ಸ್ಕೇಲು ಒರೆಸಿಟ್ಟರು.

ಯಜಮಾನರು ಇನ್ನೂ ಬಂದಿರಲಿಲ್ಲ. ರಾಜೀನಾಮೆ ಯಾರಿಗಾದರೂ ಕೊಡಬೇಕಲ್ಲ ಅಂತ ಮೇಡಂ ಮೇಜಿನ ಮೇಲಿಟ್ಟೆ. ಅವರು ಓದಿದರು. ಗುಮಾಸ್ತರ ಕಡೆ ನೋಡಿದರು. ಹಾಜರಿ ಪುಸ್ತಕ ತರಿಸಿ ಆ ಗೀಟನ್ನೂ ನೋಡಿದರು. ಆಮೇಲೆ ಸೆರಗು ಬಾಯಿಗೆ ಅಡ್ಡ ಇಟ್ಟುಕೊಂಡು ನಗಲು ಶುರುಮಾಡಿದರು. ನನಗೆ ಕಣ್ಣು ಉರಿಯುತ್ತಿತ್ತು. ಬಡವರ ಹೊಟ್ಟೆ ಮೇಲೆ ಹೊಡೆದು ನಗಬೇಡಿ ಮೇಡಂ ಅಂದೆ.

"ನಿನ್ನನ್ನ ಅಲ್ಲಿಂದ ತೆಗೆದು ನನ್ನ ಪಕ್ಕಕ್ಕೆ ಹಾಕಿ ಅಂತ ನಿನ್ನೆ ನಾನೇ ಯಜಮಾನರನ್ನ ಕೇಳಿದ್ದು," ಅಂದರು. "ಕೆಲಸ ಕಾಯಂ ಆಗಿದೆ ಕಣೋ. ಗುಮಾಸ್ತರು ತೆಗೆದಿದ್ದಾರೆ, ಹಾಕೋದು ಬಾಕಿ ಇದೆ. ನೀನು ಈಗ ಅರ್ಧದಲ್ಲಿ ನಿಂತಿದ್ದೀಯ. ಗಿಡ್ಡ ಪಿನ್ನು ತಾಗೋ ತನಕ ಬಾಯಿ ಮುಚ್ಕೊಂಡು ಕಾಯೋಕ್ಕೆ ಏನು ನಿಂಗೆ?"

ರಾಜೀನಾಮೆಯನ್ನು ಅವರೇ ಎರಡು ಹೋಳು ಮಾಡಿದರು. ಹತ್ತೂವರೆಗೆ ಯಜಮಾನರು ಬಂದು ಗುಮಾಸ್ತರಿಗೆ ಅದನ್ನೇ ಬಿಡಿಸಿ ಹೇಳಿದರು. ಹೊರಗೆ ಎಳೆದು, ಮತ್ತೆ ಒಳಗೆ ತಳ್ಳಿ ಅಂತ. ಗುಮಾಸ್ತರು ನನ್ನ ಕುರ್ಚಿಯನ್ನು ಉಗ್ರಾಣದಿಂದ ತಂದು ಮೇಡಂ ಪಕ್ಕಕ್ಕೆ ತಳ್ಳಿದರು. ಧಡ್ ಅಂತ ಕೂರಲು ಹೋದವನು ತಡೆದು, ನಿಧಾನಕ್ಕೆ ಕೂತೆ. ಪರೀಕ್ಷೆ ವಿಭಾಗದ ಹಾಜರಿ ಪುಟದಲ್ಲಿ ನನ್ನ ಹೆಸರು ಹೊಸದಾಗಿ ಹತ್ತಿತು. ಮಧ್ಯಾಹ್ನ ಎಸ್.ಟಿ.ಡಿ. ಬೂತಿನಿಂದ ಚಿಕ್ಕಪ್ಪನಿಗೆ ಫೋನು ಮಾಡಿ, ಸ್ಟೂಲು ಯಾರಿಗಾದರೂ ಕೊಡಬಹುದು ಅಂದೆ. ಆ ಮಾತು ಹೇಳಲು ಆರು ತಿಂಗಳಿಂದ ಕಾಯುತ್ತಿದ್ದೆ.

ಸಂಜೆ ಹಿನಕಲ್‌ನಲ್ಲಿ ಮನೆ ಯಜಮಾನರು ಗೇಟಿನಲ್ಲೇ ಕಾದು ನಿಂತಿದ್ದರು. ರೂಮು ಖಾಲಿ ಮಾಡೋದಿಲ್ಲ, ಕೆಲಸ ಇದೆ, ಕರ್ನಲ್‌ನಿಂದ ತೆಗೆದು ಬೇರೆ ಕಡೆ ಹಾಕಿದ್ದಾರೆ ಅಂತ ಒಂದೇ ಉಸಿರಿಗೆ ಹೇಳಿದೆ. ಅವರು ಗೇಟು ಪೂರ್ತಿ ತೆಗೆದರು. ನನ್ನ ಭುಜದ ಮೇಲೆ ಕೈ ಇಟ್ಟು ಸಮಾಧಾನ ಹೇಳಿದರು.

"ಬೇಜಾರು ಮಾಡ್ಕೋಬೇಡಿ ಸಾರ್, ಮೇಜರ್ ಅಂದ್ರೂ ದೊಡ್ಡ ಪೋಸ್ಟೇ. ಮೇಜರ್‌ಗೂ ಕ್ಯಾಂಟೀನಲ್ಲಿ ಕುಕ್ಕರ್ ಕೊಡ್ತಾರಲ್ಲ?"